ಟ್ರ್ಯಾಕ್ಟರಿಗೆ ಹೊಸ ಟೈರುಗಳ ಆಯ್ಕೆ

ಎಂಜಿನ್ ಎಷ್ಟೇ ಬಲವಾಗಿದ್ದರೂ ಆ ಬಲ ನೆಲಕ್ಕೆ ತಲುಪುವುದು ಟೈರುಗಳ ಮೂಲಕವೇ. ಟೈರು ಸವೆದಿದ್ದರೆ ಚಕ್ರ ಜಾರಿ ಡೀಸೆಲ್ ಹಾಗೂ ಸಮಯ ಎರಡೂ ವ್ಯರ್ಥವಾಗುತ್ತವೆ. ಹಿಂದಿನ ಟೈರುಗಳು ದುಬಾರಿಯಾದುದರಿಂದ ಕೊಳ್ಳುವ ಮೊದಲು ಕೆಳಗಿನ ಅಂಶಗಳನ್ನು ಗಮನಿಸಬೇಕು.

ಬದಲಾಯಿಸುವ ಅಗತ್ಯವಿದೆಯೆ?

ಹಿಂದಿನ ಚಕ್ರಕ್ಕೆ ಸುಣ್ಣದ ಗುರುತು ಹಾಕಿ, ನೇಗಿಲನ್ನು ಮೇಲೆತ್ತಿ ಹೊಲದಲ್ಲಿ ಚಕ್ರ 10 ಸುತ್ತು ತಿರುಗುವಷ್ಟು ಸಾಗಿದ ದೂರವನ್ನು ಅಳೆಯಿರಿ. ಅನಂತರ ಉಳುಮೆ ಮಾಡುತ್ತಾ 10 ಸುತ್ತಿನ ದೂರವನ್ನು ಅಳೆಯಿರಿ. ಮೊದಲನೆಯದು 40 ಮೀಟರ್, ಎರಡನೆಯದು 34 ಮೀಟರ್ ಆದರೆ ಜಾರುವಿಕೆ ಶೇಕಡಾ 15. ಅಷ್ಟರವರೆಗೆ ಚಿಂತೆಯಿಲ್ಲ. ಅದಕ್ಕೂ ಹೆಚ್ಚಾದರೆ ಮೊದಲು ಗಾಳಿಯ ಒತ್ತಡ ಸರಿಪಡಿಸಿ, ಚಕ್ರಕ್ಕೆ ಕಬ್ಬಿಣದ ತೂಕ ಜೋಡಿಸಿ ಅಥವಾ ಟ್ಯೂಬಿಗೆ ಮುಕ್ಕಾಲು ಭಾಗ ನೀರು ತುಂಬಿಸಿ ನೋಡಬೇಕು. ಹಲ್ಲುಗಳು ಸವೆದು ಆಗಲೂ ಜಾರಿದರೆ ಹೊಸ ಟೈರು ಬೇಕು. ಪಕ್ಕದಲ್ಲಿ ಒಳಗಿನ ದಾರ ಕಾಣುವಂಥ ಸೀಳು ಅಥವಾ ಉಬ್ಬು ಇದ್ದರೆ ಕೂಡಲೇ ಬದಲಾಯಿಸಬೇಕು.

ಅಳತೆ

ಟೈರಿನ ಮೇಲೆ 13.6-28 ಎಂದಿದ್ದರೆ ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಅಂಗುಲಗಳಲ್ಲಿ. ನಡುವೆ 'ಆರ್' ಅಕ್ಷರವಿದ್ದರೆ ಅದು ರೇಡಿಯಲ್ ಟೈರು. ರೇಡಿಯಲ್ ಟೈರು ನೆಲವನ್ನು ಹೆಚ್ಚು ಅಗಲವಾಗಿ ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಒಂದೇ ಅಚ್ಚಿಗೆ ಒಂದು ರೇಡಿಯಲ್, ಒಂದು ಸಾಮಾನ್ಯ ಟೈರು ಹಾಕಬಾರದು. ಹಿಂದಿನ ಎರಡನ್ನೂ ಒಟ್ಟಿಗೆ ಬದಲಾಯಿಸುವುದು ಉತ್ತಮ. ಎತ್ತರ ಬೇರೆಯಾದರೆ ಟ್ರ್ಯಾಕ್ಟರ್ ಒಂದು ಕಡೆಗೆ ಎಳೆಯುತ್ತದೆ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಟ್ರ್ಯಾಕ್ಟರುಗಳಲ್ಲಿ ಕೈಪಿಡಿಯ ಅಳತೆಯನ್ನು ಬಿಡಲೇಬಾರದು.

ಹಲ್ಲಿನ ಬಗೆ

ಒಣ ಬೇಸಾಯಕ್ಕೂ ಸಾಗಾಣಿಕೆಗೂ ಆರ್-1 ಬಗೆ ಸೂಕ್ತ. ಕಾವೇರಿ, ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಕೆಸರುಗದ್ದೆಗೆ ಎತ್ತರದ ಹಲ್ಲಿನ ಆರ್-2 ಬಗೆ ಒಳ್ಳೆಯದು. ಆದರೆ ಟ್ರೇಲರ್ ಕಟ್ಟಿ ಡಾಂಬರು ರಸ್ತೆಯಲ್ಲೇ ಹೆಚ್ಚು ಓಡಿಸುವವರಿಗೆ ಆರ್-2 ಬೇಗ ಸವೆಯುತ್ತದೆ.

ಕೊಳ್ಳುವಾಗ

ಟೈರಿನ ಪಕ್ಕದಲ್ಲಿ ತಯಾರಿಕೆಯ ದಿನವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. 2324 ಎಂದರೆ 2024ನೇ ಇಸವಿಯ 23ನೇ ವಾರ. ಬಹಳ ಕಾಲ ಬಿಸಿಲಿಗೆ ಬಿದ್ದ ಟೈರನ್ನು ರಿಯಾಯಿತಿಗೆ ಮರುಳಾಗಿ ಕೊಳ್ಳಬಾರದು. ಹಳೆಯ ಟೈರಿನ ಒಳಮೈ ಗಟ್ಟಿಯಾಗಿದ್ದರೆ ರೀಟ್ರೆಡ್ ಮಾಡಿಸಿ ಹಿಂದಿನ ಚಕ್ರಕ್ಕೆ ಬಳಸಬಹುದು. ಸ್ಟಿಯರಿಂಗ್ ಇರುವ ಮುಂದಿನ ಚಕ್ರಕ್ಕೆ ಬೇಡ.

ಜೋಡಿಸುವಾಗ ಪಕ್ಕದ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇರಲಿ. ಹಿಂದೆ ನಿಂತು ನೋಡಿದಾಗ ಹಲ್ಲುಗಳ ಮೊನೆ ಮೇಲ್ಮುಖವಾಗಿ ಕಾಣಬೇಕು. ತಿರುಗುಮುರುಗಾದರೆ ಹಲ್ಲುಗಳಲ್ಲಿ ಮಣ್ಣು ಮೆತ್ತಿಕೊಂಡು, ಹೊಸ ಟೈರೂ ಹಳೆಯದರಂತೆಯೇ ಜಾರುತ್ತದೆ.