'ಬಸವ' ಓದಿದ ಮಗುವಿಗೆ ಅ ಆ ಇ ಈ ಬರುವುದಿಲ್ಲವೇ?

ಪ್ರಶ್ನೆ: ನನ್ನ ಮಗಳು ಜೂನ್‌ನಲ್ಲಿ ನಮ್ಮೂರ ಸರ್ಕಾರಿ ಶಾಲೆಗೆ ಒಂದನೇ ತರಗತಿಗೆ ಸೇರಿದಳು. ದಸರಾ ರಜೆಯೂ ಬಂತು, ಇನ್ನೂ ಅ ಆ ಇ ಈ ಸರಿಯಾಗಿ ಹೇಳಲು ಬರುವುದಿಲ್ಲ. ಹೋಂವರ್ಕ್ ಇಲ್ಲ, ಕಾಪಿ ಬರೆಸುವುದಿಲ್ಲ. ಕೇಳಿದರೆ ಹಾಡು, ಕಾರ್ಡು, ಆಟ ಅನ್ನುತ್ತಾಳೆ. ಓರಗಿತ್ತಿಯ ಮಗ ಇವಳದೇ ವಯಸ್ಸು, ಕಾನ್ವೆಂಟಿಗೆ ಹೋಗುತ್ತಾನೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಅವನು ಎ ಬಿ ಸಿ ಡಿ, ಮಗ್ಗಿ ಎಲ್ಲ ಒಪ್ಪಿಸಿದ. ಇವಳು ತಲೆ ತಗ್ಗಿಸಿ ನಿಂತಳು. ಅತ್ತೆ, 'ದುಡ್ಡಿಲ್ಲದ ಶಾಲೆ ಅಂದರೆ ಹೀಗೇ' ಅಂದರು. ಮರುದಿನ ಪೇಟೆಗೆ ಕರೆದುಕೊಂಡು ಹೋದಾಗ 'ಬಸವೇಶ್ವರ ಹೋಟೆಲ್' ಬೋರ್ಡು ತೋರಿಸಿ ಓದು ಅಂದೆ. 'ಬಸವ' ಅಂತ ಹೇಳಿ ನಿಲ್ಲಿಸಿಬಿಟ್ಟಳು. ರಾತ್ರಿ ಕೂರಿಸಿ ಬರೆಸಲು ಹೋಗಿ ಕೈಗೆ ಹೊಡೆದೆ. ಆಮೇಲೆ ನಾನೇ ಅತ್ತುಬಿಟ್ಟೆ. ನಾನು ಓದಿದ್ದು ಏಳನೇ ಕ್ಲಾಸು, ಹೇಳಿಕೊಡಲು ಗೊತ್ತಾಗುವುದಿಲ್ಲ. ಯಜಮಾನರು ಟಿ.ಸಿ. ತಂದುಬಿಡು ಅನ್ನುತ್ತಿದ್ದಾರೆ. ಅರ್ಧ ವರ್ಷ ಹಾಳಾಯಿತಾ?
—ಹೆಸರು ಬೇಡ, ಕಡೂರು ತಾಲ್ಲೂಕು

ಉತ್ತರ: ಇಲ್ಲಮ್ಮ, ಹಾಳಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮ್ಮ ಮನಸ್ಸಿಗೆ ಇಳಿಯುವುದಿಲ್ಲ.

ನಾಲ್ಕು ಜನರ ಎದುರು ಮಗು ತಲೆ ತಗ್ಗಿಸಿದಾಗ ತಾಯಿಯ ಹೊಟ್ಟೆ ಉರಿಯುತ್ತದೆ. ಅದರ ಮೇಲೆ ಅತ್ತೆಯ ಮಾತು ಬೇರೆ. ಅವರೂ ಮೊಮ್ಮಗಳ ಕಾಳಜಿಯಿಂದಲೇ ಅಂದಿರಬಹುದು, ಆದರೆ ಆ ಮಾತು ನಿಮಗೆ 'ನೀನು ಏಳನೇ ಕ್ಲಾಸು, ನಿನ್ನ ಮಗಳೂ ಅಷ್ಟೇ' ಎಂದ ಹಾಗೆ ಕೇಳಿಸಿದೆ ಎಂದು ನನಗನ್ನಿಸುತ್ತದೆ. ಪತ್ರದಲ್ಲಿ ಮಗುವಿನ ಚಿಂತೆ ಎಷ್ಟಿದೆಯೋ ನಿಮ್ಮ ಬಗ್ಗೆ ನಿಮಗಿರುವ ಅಳುಕೂ ಅಷ್ಟೇ ಇದೆ. ಎರಡನ್ನೂ ಸ್ವಲ್ಪ ಬಿಡಿಸಿ ನೋಡೋಣ. ಹಬ್ಬದ ದಿನದ ಅವಮಾನ ನಿಮ್ಮದು. ಅದನ್ನು ತೀರಿಸುವ ಹೊಣೆ ಆರು ವರ್ಷದ ಮಗುವಿನದಲ್ಲ.

ಈಗ ಆ ಬೋರ್ಡಿಗೆ ಬರೋಣ. ನೀವು ಸೋಲು ಅಂದುಕೊಂಡು ಬರೆದ ಸಂಗತಿಯೇ ಇಡೀ ಪತ್ರದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟಿದ್ದು.

ಕಾರ್ಡು, ಹಾಡು ಎಂದು ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮಗಳು ನಲಿ-ಕಲಿ ತರಗತಿಯಲ್ಲಿದ್ದಾಳೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾದ ಪದ್ಧತಿ ಇದು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳ ಕಲಿಕೆಯಿಂದ ಪ್ರೇರಣೆ ಪಡೆದು ರೂಪಿಸಿದ್ದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಇಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಗುಂಪುಗಳಲ್ಲಿ ಕೂರುತ್ತಾರೆ. ಮೊದಲ ಕೆಲವು ವಾರ ಹಾಡು, ಕಥೆ, ಗೆರೆ ಎಳೆಯುವುದು ಇಂಥ ಸಿದ್ಧತೆಯಲ್ಲೇ ಹೋಗುತ್ತದೆ. ಆಮೇಲೆ ಅಕ್ಷರ. ಆ ಅಕ್ಷರಗಳು ನೀವು ನಾವು ಕಲಿತ ಅ ಆ ಇ ಈ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಬರೆಯಲು ಸುಲಭ, ಮತ್ತು ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಂಬ ಪದಗಳೇ ಹುಟ್ಟುತ್ತವೆ. ಮುಂದಿನ ಗುಂಪು ಜ, ವ, ಮ, ಬ, ನ. ಅಲ್ಲಿಗೆ ಮರ, ಜನ, ವನಜ, ಬಸವ.

ಗೊತ್ತಾಯಿತಲ್ಲ? 'ಬಸವೇಶ್ವರ'ದಲ್ಲಿ ಬ, ಸ, ವ ಮೂರನ್ನೂ ನಿಮ್ಮ ಮಗಳು ಸರಿಯಾಗಿ ಗುರುತಿಸಿದ್ದಾಳೆ. ವಕಾರಕ್ಕೆ ಅಂಟಿಕೊಂಡ ಏತ್ವ, ಶಕಾರದ ಕೆಳಗಿನ ಒತ್ತು ಅವಳಿಗೆ ಇನ್ನೂ ಬಂದಿಲ್ಲ. ಬಾರದ ಕಡೆ ಬಾಯಿಗೆ ಬಂದದ್ದನ್ನು ಹೇಳದೆ ನಿಲ್ಲಿಸಿದ್ದಾಳೆ. ಎಂದೂ ನೋಡಿರದ ಬೋರ್ಡನ್ನು ಬಾಯಿಪಾಠದಿಂದ ಓದಲಾಗುವುದಿಲ್ಲ. ಅವಳು ಓದಿದಳು. ನೀವು ಕೇಳಿದ್ದು ಮಾತ್ರ ಅವಳಿಗೆ ಇನ್ನೂ ಕಲಿಸದೇ ಇದ್ದದ್ದನ್ನು.

ಕನ್ನಡದ ಮಗುವಿಗೆ ಹಾದಿ ಸ್ವಲ್ಪ ಉದ್ದವೇ. ವರ್ಣಮಾಲೆಯ 49 ಅಕ್ಷರ ಮುಗಿದರೂ ಮುಂದೆ ಕಾಗುಣಿತ, ಒತ್ತಕ್ಷರ ಎಂದು ನೂರಾರು ರೂಪಗಳಿವೆ. ಬೆಂಗಳೂರಿನಲ್ಲಿ ಕನ್ನಡ ಓದುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು ಈ ಕಲಿಕೆ ಒಂದೆರಡು ತರಗತಿಗೆ ಮುಗಿಯದೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ನಡೆಯುತ್ತದೆ ಎಂದು ತೋರಿಸಿದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ಶುರುಮಾಡಿದ ನಿಪುಣ್ ಭಾರತ್ ಯೋಜನೆ ಕೂಡ, ಮಗು ಅರ್ಥ ಮಾಡಿಕೊಂಡು ಓದಲು ಇಟ್ಟಿರುವ ಗಡುವು ಮೂರನೇ ತರಗತಿಯ ಕೊನೆ. ದೇಶವೇ ಮೂರು ವರ್ಷ ಕೊಟ್ಟಿರುವಾಗ ನಾವು ದಸರಾ ಹಬ್ಬಕ್ಕೆ ಫಲಿತಾಂಶ ಕೇಳುವುದು ಅವಸರವಾಯಿತು. ಹಬ್ಬದ ಪಡಸಾಲೆಯಲ್ಲಿ ಮಕ್ಕಳಿಂದ ಮಗ್ಗಿ ಹೇಳಿಸಿ ಅಂಕ ಹಾಕುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ ಬಿಡಿ. ಓರಗಿತ್ತಿಯ ಮಗನಿಗೂ ಅದೇನು ಸುಖದ ಗಳಿಗೆ ಆಗಿರಲಿಕ್ಕಿಲ್ಲ.

ಹಾಗೆಂದು ನಲಿ-ಕಲಿಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುವುದಿಲ್ಲ. ಮೂರು ತರಗತಿಗೆ ಒಬ್ಬರೇ ಟೀಚರು, ಅವರಿಗೇ ತರಬೇತಿ, ಗಣತಿ, ಬಿಸಿಯೂಟದ ಲೆಕ್ಕ. ಅವರು ನಾಲ್ಕು ದಿನ ಇಲ್ಲವೆಂದರೆ ಗುಂಪುಗಳು ನಿಂತಲ್ಲೇ ನಿಲ್ಲುತ್ತವೆ. ಆದ್ದರಿಂದ ಮಗು ಎಲ್ಲಿದೆ ಎಂದು ಕೇಳುವುದು ನಿಮ್ಮ ಹಕ್ಕು. ರಜೆ ಮುಗಿದ ವಾರವೇ ಶಾಲೆಗೆ ಹೋಗಿ. ತರಗತಿಯ ಗೋಡೆಯ ಮೇಲೆ ಕಲಿಕೆಯ ಮೈಲಿಗಲ್ಲುಗಳನ್ನು ತೋರಿಸುವ ಕಲಿಕಾ ಏಣಿ ಇರುತ್ತದೆ, ಮಕ್ಕಳ ಪ್ರಗತಿ ನೋಟವೂ ಇರುತ್ತದೆ. 'ಇವಳು ಯಾವ ಮೈಲಿಗಲ್ಲಿನಲ್ಲಿದ್ದಾಳೆ? ಯಾವ ಕಾರ್ಡಿನಲ್ಲಿ ತಡೆಯುತ್ತಿದ್ದಾಳೆ? ಮನೆಯಲ್ಲಿ ನಾನೇನು ಮಾಡಲಿ?' ಎಂದು ಕೇಳಿ. ಏಳನೇ ಕ್ಲಾಸು ಎಂದು ಹಿಂಜರಿಯಬೇಡಿ. ಹೀಗೆ ಕೇಳುವ ತಾಯಿಯನ್ನು ಕಂಡರೆ ಹೆಚ್ಚಿನ ಟೀಚರುಗಳಿಗೆ ಸಮಾಧಾನವೇ ಆಗುತ್ತದೆ. ಶಾಲೆಯಲ್ಲಿ ಪೋಷಕರ 'ಸಮುದಾಯದತ್ತ ಶಾಲೆ' ಸಭೆ ಕರೆದಾಗ ಯಜಮಾನರನ್ನೂ ಕರೆದುಕೊಂಡು ಹೋಗಿ.

ಮನೆಯಲ್ಲಿ ಪರೀಕ್ಷೆ ನಿಲ್ಲಿಸಿ. ಸಂಜೆ ಒಂದು ಕಾಲು ಗಂಟೆ ಸಾಕು, ಅದೂ ಅವಳೇ ಟೀಚರು, ನೀವು ವಿದ್ಯಾರ್ಥಿ. ಸ್ಲೇಟು ಅವಳ ಕೈಗೆ ಕೊಟ್ಟು 'ಇವತ್ತು ಯಾವ ಕಾರ್ಡು ಮಾಡಿದಿರಿ ಮಿಸ್?' ಅನ್ನಿ. ನೀವು ಬೇಕೆಂದೇ ವಕಾರ ಬರೆದು ಮಕಾರ ಅಂತ ಓದಿ, ತಪ್ಪು ಹಿಡಿಯುತ್ತಾಳೋ ನೋಡಿ. ಹಿಡಿದರೆ ಅಕ್ಷರ ಬಂದ ಹಾಗೆ. ಹಿಡಿಯದಿದ್ದರೆ ನಾಳೆ ಮತ್ತೆ ಆಡಿದರಾಯಿತು, ಅವೆರಡೂ ನೋಡಲು ಅಣ್ಣತಮ್ಮಂದಿರಂತೆ ಇರುವುದರಿಂದ ದೊಡ್ಡ ಮಕ್ಕಳೂ ತಡವರಿಸುತ್ತಾರೆ. ಅಕ್ಷರವನ್ನು ತಿರುಗುಮುರುಗಾಗಿ ಬರೆದರೂ ಈ ವಯಸ್ಸಿನಲ್ಲಿ ಗಾಬರಿ ಬೇಡ. ಎಣಿಕೆಗೆ ಹುಣಸೆ ಬೀಜ ಇದ್ದೇ ಇದೆ. ಮಲಗುವಾಗ ಒಂದು ಕಥೆ ಹೇಳಿ. ನಿಮ್ಮ ಅಜ್ಜಿ ಹೇಳಿದ್ದೇ ಆಗಬಹುದು. ಮಾತು ಹೆಚ್ಚು ಕೇಳಿದ ಮಗುವಿಗೆ ಓದಿದ್ದು ಬೇಗ ಅರ್ಥವಾಗುತ್ತದೆ, ಅದಕ್ಕೆ ಯಾವ ಕ್ಲಾಸೂ ಪಾಸಾಗಬೇಕಿಲ್ಲ.

ಹೊಡೆದ ವಿಷಯ. ನೀವು ಅತ್ತಿದ್ದೀರಿ, ನಾನು ಇನ್ನೊಂದು ಪೆಟ್ಟು ಕೊಡುವುದಿಲ್ಲ. ಆದರೆ ಅದು ಮತ್ತೆ ಆಗಬಾರದು. ಹೆದರಿದ ಮಗು ಗೊತ್ತಿದ್ದದ್ದನ್ನೂ ಮರೆಯುತ್ತದೆ, ಆಮೇಲೆ ಪುಸ್ತಕ ಕಂಡರೆ ಪೆಟ್ಟು ನೆನಪಾಗುತ್ತದೆ. 'ಅವತ್ತು ಅಮ್ಮ ಹೊಡೆದದ್ದು ತಪ್ಪು, ನೀನು ಬಸವ ಅಂತ ಓದಿದ್ದು ನನಗೆ ಖುಷಿ ಆಯಿತು' ಎಂದು ಅವಳಿಗೆ ಹೇಳಿ. ಅತ್ತೆಯ ಎದುರೇ ಹೇಳಿದರೆ ಇನ್ನೂ ಒಳ್ಳೆಯದು.

ಕೆಲವು ಲಕ್ಷಣಗಳಿದ್ದರೆ ಮಾತ್ರ ಕಾಯಬೇಡಿ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿಯುತ್ತಾಳೆ, ವಯಸ್ಸಿಗೆ ತಕ್ಕ ಮಾತಿಲ್ಲ, ಬೆಳಿಗ್ಗೆ ದಿನವೂ ಹೊಟ್ಟೆನೋವು ಎಂದು ಅಳುತ್ತಾಳೆ ಎಂದಾದರೆ ಟೀಚರಿಗೆ ತಿಳಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೇ ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲೂ ಕಣ್ಣು, ಕಿವಿ ತೋರಿಸಬಹುದು. ಮಾತು, ಕೇಳುವಿಕೆಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕಲಿಕಾ ನ್ಯೂನತೆ ಎಂಬ ಹಣೆಪಟ್ಟಿಯನ್ನು ಮಾತ್ರ ಈಗಲೇ ಯಾರಿಂದಲೂ ಹಚ್ಚಿಸಿಕೊಳ್ಳಬೇಡಿ, ಸಾಮಾನ್ಯವಾಗಿ ಏಳೆಂಟು ವರ್ಷಕ್ಕೆ ಮೊದಲು ಅದನ್ನು ಖಚಿತವಾಗಿ ಹೇಳಲಾಗುವುದಿಲ್ಲ. ಇನ್ನು ನಿಮಗೇ ರಾತ್ರಿ ನಿದ್ದೆ ಬರುತ್ತಿಲ್ಲ, ಸಿಟ್ಟು ಕೈಮೀರುತ್ತಿದೆ ಎನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಶಾಲೆ ಬದಲಿಸುವುದು ತಪ್ಪೇನಲ್ಲ, ಅದು ನೀವು ಗಂಡಹೆಂಡತಿ ಕೂತು ತೀರ್ಮಾನಿಸುವ ಮಾತು. ಆದರೆ ಹಬ್ಬದ ಮನೆಯ ಮಾತಿಗೆ ನೊಂದು, ವರ್ಷದ ನಡುವೆ, ಗೆಳತಿಯರನ್ನೂ ಹಾಡನ್ನೂ ಬಿಡಿಸಿ ಗೊತ್ತಿಲ್ಲದ ಭಾಷೆಯ ತರಗತಿಗೆ ಕೂರಿಸಬೇಡಿ. ಟಿ.ಸಿ. ಮಾತು ಏಪ್ರಿಲ್‌ಗೆ ಇರಲಿ. ಅದಕ್ಕೂ ಮೊದಲು ಯಜಮಾನರು ಒಮ್ಮೆ ಟೀಚರನ್ನು ಕಂಡು, ಮಗಳ ಕೈಯಿಂದ ನಾಲ್ಕು ಕಾರ್ಡು ಓದಿಸಿ ಕೇಳಲಿ.