ಅಂಚಿನಲ್ಲಿ ನಿಂತವರ ವಂಶ

1. ಫ್ಲಾಸ್ಕಿನ ಲೆಕ್ಕವನ್ನು ಅಗರ್ ತಟ್ಟೆಗೆ ತರಬೇಡಿ. ಶೇಕರ್ ಮೇಲಿನ ಫ್ಲಾಸ್ಕಿನಲ್ಲಿ ಎಲ್ಲ ಬ್ಯಾಕ್ಟೀರಿಯಾ ಕೋಶಗಳಿಗೂ ಆಹಾರ ಸಮನಾಗಿ ಸಿಗುತ್ತದೆ, ಬೇಗ ವಿಭಜಿಸುವ ತಳಿ ಗೆಲ್ಲುತ್ತದೆ. ತಟ್ಟೆಯ ಮೇಲೆ ಕಾಲೊನಿ ದೊಡ್ಡದಾದಂತೆ ಒಳಗಿನ ಕೋಶಗಳಿಗೆ ಆಹಾರ ತೀರುತ್ತದೆ. ಆಮೇಲೆ ಬೆಳೆಯುವುದು ಹೊರಗಿನ ತೆಳು ಅಂಚು ಮಾತ್ರ. ಹಾಗಾಗಿ ಯಾವ ಮ್ಯುಟೆಂಟ್ ಸಿಕ್ಕರೂ ನಾನು ಮೊದಲು ಕೇಳುವುದು, ಅದು ಎಲ್ಲಿತ್ತು ಎಂದು.

2. ಅಗಲವಾದ ಬಣ್ಣದ ಪಟ್ಟಿ ಕಂಡರೆ ಅದೇ ಬಲಶಾಲಿ ಎಂದುಕೊಳ್ಳಬೇಡಿ. 2007ರಲ್ಲಿ ಆಸ್ಕರ್ ಹಾಲಟ್‌ಶೆಕ್, ಡೇವಿಡ್ ನೆಲ್ಸನ್ ಮತ್ತು ಸಂಗಡಿಗರು, ಹೊಳೆಯುವ ಬಣ್ಣವೊಂದನ್ನು ಬಿಟ್ಟರೆ ಒಂದೇ ಬಗೆಯ ಎರಡು ಈ. ಕೋಲೈ ತಳಿಗಳನ್ನು ಬೆರೆಸಿ ತಟ್ಟೆಯ ಮೇಲೆ ಹನಿಯಿಟ್ಟರು. ನಡುವೆ ಬೆರಕೆಯಾಗಿಯೇ ಉಳಿದ ಬಣ್ಣಗಳು ಹೊರಕ್ಕೆ ಬೆಳೆದಂತೆ ಬೇರೆ ಬೇರೆ ಪಟ್ಟಿಗಳಾದವು. ಅಂಚಿನಲ್ಲಿ ಉಳಿದದ್ದು ಕೆಲವೇ ಕೋಶಗಳು. ಅದೃಷ್ಟ ಅವುಗಳ ವಂಶವನ್ನೇ ಹರಡಿತು.

3. ನೂಕಾಟಕ್ಕೆ ಬೆಲೆ ಕೊಡಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಕೋಶ ವಿಭಜಿಸಿದಾಗ ಪಕ್ಕದ ಕೋಶವನ್ನು ತಳ್ಳುತ್ತದೆ. ತೇರಿನ ಜನಸಂದಣಿಯಲ್ಲಿ ನಿಧಾನವಾಗಿ ನಡೆಯುವವರೂ ಮುಂದಕ್ಕೆ ಸಾಗುವಂತೆ, ಇಲ್ಲಿ ನಿಧಾನವಾಗಿ ಬೆಳೆಯುವ ಕೋಶಗಳೂ ನೆರೆಯವರ ಒತ್ತಡದಿಂದ ಅಂಚಿನಲ್ಲೇ ಸಾಗುತ್ತವೆ. ಯೀಸ್ಟ್ ಕಾಲೊನಿಗಳಲ್ಲಿ ಜೊಮೆಟ್ಟೊ, ನೆಲ್ಸನ್, ಮರ್ರೆ 2018ರಲ್ಲಿ ತೋರಿಸಿದ್ದೂ ಇದನ್ನೇ: ದೈಹಿಕ ಒತ್ತಡ ನೈಸರ್ಗಿಕ ಆಯ್ಕೆಯ ಹಿಡಿತವನ್ನು ಸಡಿಲಿಸುತ್ತದೆ. ಇದು ಆತಂಕದ ಸಂಗತಿ. ಆಂಟಿಬಯಾಟಿಕ್ ನಿರೋಧಕತೆ ಗಳಿಸಿದ ಬ್ಯಾಕ್ಟೀರಿಯಾ ಎಷ್ಟೋ ಸಲ ಬೆಳವಣಿಗೆಯ ವೇಗವನ್ನು ಕಳೆದುಕೊಳ್ಳುತ್ತದೆ; ಔಷಧ ನಿಲ್ಲಿಸಿದರೆ ತಾನಾಗಿ ಅಳಿದೀತು ಎಂದು ನಾವು ನಂಬುತ್ತೇವೆ. ದಟ್ಟಣೆಯಲ್ಲಿ ಅದು ಅಷ್ಟು ಬೇಗ ಅಳಿಯುವುದಿಲ್ಲ. ಕಳೆದುಕೊಂಡ ವೇಗವನ್ನು ಮರಳಿ ತರುವ ಇನ್ನೊಂದು ಮ್ಯುಟೇಶನ್‌ಗೆ ಆ ಹೊತ್ತು ಸಾಕಾಗಬಹುದು.

4. ಇಡೀ ಕಾಲೊನಿಯನ್ನು ಕೆರೆದು ಒಂದೇ ಟ್ಯೂಬಿಗೆ ಹಾಕಬೇಡಿ. ಅಂಚಿನ ಮಾದರಿ ಬೇರೆ, ನಡುವಿನದು ಬೇರೆ.

5. ಹಿಂದೆ ಉಳಿದವನ್ನು ಎತ್ತಿ ಮುಂದಿಟ್ಟು ನೋಡಿ. ಮೈಕಲ್ ಬೇಮ್, ರಾಯ್ ಕಿಶೋನಿ 2016ರಲ್ಲಿ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ತಟ್ಟೆಯಲ್ಲಿ ಪಟ್ಟಿಯಿಂದ ಪಟ್ಟಿಗೆ ಹಂತಹಂತವಾಗಿ ಆಂಟಿಬಯಾಟಿಕ್ ಪ್ರಮಾಣ ಏರಿಸಿ ಈ. ಕೋಲೈ ಬೆಳೆಸಿದರು. ಅಲ್ಲಿನ ಮೇಲ್ಪದರ ಮೆದು, ಬ್ಯಾಕ್ಟೀರಿಯಾ ಈಜುತ್ತದೆ. ಆದರೂ ಸ್ಥಳದ ಮೇಲಾಟ ತಪ್ಪಲಿಲ್ಲ: ಹೆಚ್ಚು ನಿರೋಧಕತೆಯಿದ್ದ ಕೆಲವು ಮ್ಯುಟೆಂಟ್‌ಗಳು ಮೊದಲೇ ಜಾಗ ಹಿಡಿದವರ ಹಿಂದೆ ಸಿಕ್ಕಿಬಿದ್ದಿದ್ದವು. ಅವನ್ನು ಮುಂಚೂಣಿಗೆ ತಂದಾಗ, ಅಲ್ಲಿದ್ದವು ದಾಟಲಾಗದ ಪಟ್ಟಿಯೊಳಕ್ಕೂ ಬೆಳೆದವು. ಅಂಚಿನಿಂದ ಮಾತ್ರ ಮಾದರಿ ತೆಗೆದಿದ್ದರೆ ಅವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.