ಫಾರಂ ತಯಾರಿಕೆಯ ಚಿಹ್ನೆಗಳನ್ನು ಅರಿಯುವುದು ಹೇಗೆ?

ಬೆಳೆ ಸಮೀಕ್ಷೆಗೆ ಹೊರಟ ವಿಸ್ತರಣಾ ಕಾರ್ಯಕರ್ತರ ಕೈಯಲ್ಲಿ ಹಿಂದೆ ಅಚ್ಚಾದ ನಮೂನೆಗಳ ಕಟ್ಟು ಇರುತ್ತಿತ್ತು. ಈಗ ಆ ಸ್ಥಾನಕ್ಕೆ ಮೊಬೈಲ್ ಬಂದಿದೆ. 2020ರ ಮುಂಗಾರಿನಲ್ಲಿ ಕರ್ನಾಟಕದ ರೈತರೇ ತಮ್ಮ ಬೆಳೆಯ ವಿವರವನ್ನು ಮೊಬೈಲಿನಲ್ಲಿ ದಾಖಲಿಸುವ ವ್ಯವಸ್ಥೆಯೂ ಆರಂಭವಾಯಿತು. ಇಂದು ರೈತ ಸಂಘಗಳು, ಹಾಲಿನ ಸಂಘಗಳು ಸಹ ತಮಗೆ ಬೇಕಾದ ಫಾರಂಗಳನ್ನು ತಾವೇ ಸಿದ್ಧಪಡಿಸಿಕೊಳ್ಳಬಹುದು.

ಕಾಗದದ ನಮೂನೆಯಲ್ಲಿ ಒಂದು ಅನುಕೂಲವಿತ್ತು. ಕೇಳಿದ ಪ್ರಶ್ನೆಗೆ ರೈತನ ಉತ್ತರ ಹೊಂದದಿದ್ದರೆ ಅದನ್ನು ಅಂಚಿನಲ್ಲಿ ಬರೆಯಬಹುದಾಗಿತ್ತು. ಮೊಬೈಲಿನ ಫಾರಂಗೆ ಅಂತಹ ಅಂಚು ಇಲ್ಲ. ತಯಾರಿಸಿದವರು ಜಾಗ ಬಿಟ್ಟಿದ್ದರೆ ಮಾತ್ರ ಉತ್ತರಕ್ಕೆ ಜಾಗ. ಆದ್ದರಿಂದ ಫಾರಂ ತಯಾರಿಸುವಾಗ ಕಾಣುವ ಪುಟ್ಟ ಚಿಹ್ನೆಗಳ ಅರ್ಥವನ್ನು ಸರಿಯಾಗಿ ತಿಳಿಯುವುದು ಅತ್ಯವಶ್ಯಕ. 2008ರಲ್ಲಿ ಬಳಕೆಗೆ ಬಂದ, ಉಚಿತವಾಗಿ ದೊರೆಯುವ ಗೂಗಲ್ ಫಾರ್ಮ್ಸ್ ಅನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

1. ಪ್ರಶ್ನೆ ಸೇರಿಸುವ ಚಿಹ್ನೆಗಳು

ಕಂಪ್ಯೂಟರಿನಲ್ಲಿ ಪ್ರಶ್ನೆಯ ಬಲಬದಿಗೆ ಒಂದು ಸಣ್ಣ ಪಟ್ಟಿ ಕಾಣುತ್ತದೆ. ಅದರಲ್ಲಿ ವೃತ್ತದೊಳಗಿನ ಕೂಡು ಗುರುತು ಹೊಸ ಪ್ರಶ್ನೆ ಸೇರಿಸಲು. ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ 'ಟಿ' ಅಕ್ಷರಗಳು ಶೀರ್ಷಿಕೆ ಹಾಗೂ ವಿವರಣೆ ಬರೆಯಲು. ಬೆಟ್ಟದ ಚಿತ್ರವಿರುವ ಚೌಕ ಚಿತ್ರ ಸೇರಿಸಲು. ರೋಗ ಅಥವಾ ಕೀಟದ ಚಿತ್ರ ತೋರಿಸಿ ಪ್ರಶ್ನೆ ಕೇಳುವಾಗ ಇದು ಉಪಯುಕ್ತ. ಒಂದರ ಕೆಳಗೊಂದಿರುವ ಎರಡು ಪಟ್ಟಿಗಳ ಚಿಹ್ನೆ ಫಾರಂ ಅನ್ನು ಭಾಗಗಳಾಗಿ ವಿಂಗಡಿಸುತ್ತದೆ.

ಪ್ರಶ್ನೆಯ ಕೆಳಗಡೆ ಒಂದರ ಮೇಲೊಂದಿಟ್ಟ ಎರಡು ಹಾಳೆಗಳ ಚಿಹ್ನೆಯಿದೆ. ಅದು ಪ್ರಶ್ನೆಯ ನಕಲು ಮಾಡುತ್ತದೆ. ಮುಂಗಾರಿನ ಬೆಳೆಗೆ ಸಿದ್ಧಪಡಿಸಿದ ಪ್ರಶ್ನೆಯನ್ನು ನಕಲು ಮಾಡಿ ಹಿಂಗಾರಿಗೆ ಬದಲಿಸಿಕೊಂಡರೆ ಶ್ರಮ ಉಳಿಯುತ್ತದೆ. ಕಸದ ಬುಟ್ಟಿ ಪ್ರಶ್ನೆಯನ್ನು ತೆಗೆದುಹಾಕಲು. ಕೈತಪ್ಪಿ ತೆಗೆದರೆ ಮೇಲ್ಭಾಗದಲ್ಲಿ ಹಿಂದಕ್ಕೆ ಬಾಗಿದ ಬಾಣವನ್ನು ಒತ್ತಿ ಮರಳಿ ಪಡೆಯಬಹುದು.

2. ವೃತ್ತವೋ, ಚೌಕವೋ?

ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದದ್ದು ಉತ್ತರದ ಬಗೆಯನ್ನು ಆರಿಸುವಾಗ. ನಡುವೆ ಚುಕ್ಕೆಯಿರುವ ವೃತ್ತದ ಅರ್ಥ, ಹಲವು ಉತ್ತರಗಳಲ್ಲಿ ಒಂದನ್ನು ಮಾತ್ರ ಆರಿಸಬೇಕು ಎಂದು. ಹಳೆಯ ರೇಡಿಯೋಗಳಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಮೊದಲು ಒತ್ತಿದ್ದ ಗುಂಡಿ ತಾನಾಗಿ ಮೇಲೇಳುತ್ತಿತ್ತು. ಅದರಿಂದಲೇ ಇದಕ್ಕೆ ರೇಡಿಯೋ ಬಟನ್ ಎಂಬ ಹೆಸರು ಬಂದಿದೆ. ಸರಿ ಗುರುತು ಇರುವ ಚೌಕದಲ್ಲಾದರೆ ಎಷ್ಟು ಬೇಕಾದರೂ ಉತ್ತರಗಳನ್ನು ಆರಿಸಬಹುದು.

'ನಿಮ್ಮ ಹೊಲದಲ್ಲಿರುವ ಬೆಳೆ ಯಾವುದು?' ಎಂಬ ಪ್ರಶ್ನೆಗೆ ವೃತ್ತವನ್ನು ಇಟ್ಟರೆ ಏನಾಗುತ್ತದೆ? ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕಿದ ರೈತ ರಾಗಿ ಒಂದನ್ನೇ ಒತ್ತಬೇಕಾಗುತ್ತದೆ. ಉಳಿದ ಬೆಳೆಗಳು ಹೊಲದಲ್ಲಿದ್ದರೂ ಲೆಕ್ಕದಲ್ಲಿ ಇರುವುದಿಲ್ಲ. ನಾಳೆ ಮಳೆ ಕೈಕೊಟ್ಟು ಅವರೆ ನಷ್ಟವಾದರೆ ಅಲ್ಲಿ ಅವರೆ ಇತ್ತೆಂದು ಆ ದಾಖಲೆ ಹೇಳುವುದಿಲ್ಲ. ಆದ್ದರಿಂದ ಬೆಳೆ, ಜಾನುವಾರು, ನೀರಿನ ಮೂಲ, ಬಳಸಿದ ಗೊಬ್ಬರ ಮುಂತಾದವುಗಳಿಗೆ ಚೌಕವೇ ಸರಿ. ಜಮೀನು ಸ್ವಂತದ್ದೋ ಗುತ್ತಿಗೆಯದೋ ಎಂಬ ಪ್ರಶ್ನೆಗೂ, ಎರಡೂ ಇರಬಹುದಾದ ಕಾರಣ, ಚೌಕವೇ ಲೇಸು. ಪಟ್ಟಿಯ ಕೊನೆಯಲ್ಲಿ 'ಇತರೆ' ಎಂಬುದನ್ನು ಸೇರಿಸಲು ಮರೆಯಬಾರದು. ಕಾಗದದ ಅಂಚು ಮಾಡುತ್ತಿದ್ದ ಕೆಲಸವನ್ನು ಅದು ಮಾಡುತ್ತದೆ.

ವೃತ್ತಕ್ಕೂ ಅದರದೇ ಆದ ಉಪಯೋಗವಿದೆ. 'ನೀರಾವರಿ ಇದೆಯೇ?' ಎಂಬುದಕ್ಕೆ ವೃತ್ತವನ್ನಿಟ್ಟು, ಮೂರು ಚುಕ್ಕೆಗಳ ಚಿಹ್ನೆಯನ್ನು ಒತ್ತಿದರೆ, ಉತ್ತರಕ್ಕೆ ತಕ್ಕಂತೆ ಬೇರೆ ಭಾಗಕ್ಕೆ ಕಳುಹಿಸುವ ಸೌಲಭ್ಯ ದೊರೆಯುತ್ತದೆ. ಖುಷ್ಕಿ ರೈತನಿಗೆ ಪಂಪ್‌ಸೆಟ್ಟಿನ ಪ್ರಶ್ನೆಗಳು ಬರುವುದಿಲ್ಲ. ಚೌಕದ ಪ್ರಶ್ನೆಗಳಿಗೆ ಈ ಸೌಲಭ್ಯ ಇರುವುದಿಲ್ಲ.

3. ಎಕರೆ-ಗುಂಟೆಯ ಲೆಕ್ಕ

ಎರಡು ಚಿಕ್ಕ ಗೆರೆಗಳ ಚಿಹ್ನೆ ಚುಟುಕು ಉತ್ತರಕ್ಕೆ. ಹೆಸರು, ಊರು, ಅಂಕಿ ಬರೆಯಲು ಇದು ಸಾಕು. ಹಲವು ಗೆರೆಗಳಿದ್ದರೆ ದೀರ್ಘ ಉತ್ತರಕ್ಕೆ. ಬಿತ್ತನೆಯ ದಿನಕ್ಕೆ ಕ್ಯಾಲೆಂಡರ್ ಚಿಹ್ನೆಯನ್ನು ಬಳಸಿದರೆ ದಿನಾಂಕಗಳೆಲ್ಲ ಒಂದೇ ಕ್ರಮದಲ್ಲಿ ಬರುತ್ತವೆ.

ವಿಸ್ತೀರ್ಣ ಕೇಳುವಾಗ ಒಂದು ತೊಡಕಿದೆ. 2 ಎಕರೆ 10 ಗುಂಟೆಯನ್ನು ಹಲವರು 2.10 ಎಂದು ಬರೆಯುತ್ತಾರೆ. ಕಂಪ್ಯೂಟರ್ ಅದನ್ನು ಎರಡು ಎಕರೆ ಮತ್ತು ಎಕರೆಯ ಹತ್ತನೆಯ ಒಂದು ಭಾಗ ಎಂದು ತಿಳಿಯುತ್ತದೆ. ಎಕರೆಗೆ 40 ಗುಂಟೆಯಾದ್ದರಿಂದ ನಿಜವಾದ ವಿಸ್ತೀರ್ಣ 2.25 ಎಕರೆ. ಒಬ್ಬ ರೈತನ ಲೆಕ್ಕದಲ್ಲೇ 6 ಗುಂಟೆ ಕಡಿಮೆಯಾಯಿತು. ಇದಕ್ಕೆ ಪರಿಹಾರ ಸುಲಭ. ಎಕರೆಗೆ ಒಂದು, ಗುಂಟೆಗೆ ಒಂದು ಎಂದು ಎರಡು ಪ್ರಶ್ನೆ ಇಡಬೇಕು. ಗುಂಟೆಯ ಪ್ರಶ್ನೆಯಲ್ಲಿ ಮೂರು ಚುಕ್ಕೆಗಳನ್ನು ಒತ್ತಿ, ಉತ್ತರದ ಪರಿಶೀಲನೆಯನ್ನು ಆರಿಸಿ, 0ಯಿಂದ 39ರ ಒಳಗಿನ ಅಂಕಿಯನ್ನು ಮಾತ್ರ ಸ್ವೀಕರಿಸುವಂತೆ ಮಾಡಬೇಕು. ಆದರೆ ಸರ್ವೆ ನಂಬರಿಗೆ ಅಂಕಿಯ ಕಟ್ಟು ಹಾಕಬಾರದು. ಹಾಕಿದರೆ 45/2 ಎಂಬ ಹಿಸ್ಸಾ ನಂಬರನ್ನು ಫಾರಂ ತಿರಸ್ಕರಿಸುತ್ತದೆ.

4. ಕೆಂಪು ನಕ್ಷತ್ರ ಮತ್ತು ಮೋಡ

ಪ್ರಶ್ನೆಯ ಪಕ್ಕದ ಕೆಂಪು ನಕ್ಷತ್ರ ಕಡ್ಡಾಯದ ಗುರುತು. ಉತ್ತರಿಸದ ಹೊರತು ಫಾರಂ ಮುಂದೆ ಸಾಗದು. ಎಲ್ಲ ಪ್ರಶ್ನೆಗಳನ್ನೂ ಕಡ್ಡಾಯ ಮಾಡಿದರೆ, ಇಳುವರಿ ನೆನಪಿಲ್ಲದ ರೈತನೂ ಒಂದು ಅಂಕಿ ಹೇಳಲೇಬೇಕಾಗುತ್ತದೆ. ಖಾಲಿ ಬಿಟ್ಟ ಜಾಗಕ್ಕಿಂತ ಊಹಿಸಿ ತುಂಬಿದ ಅಂಕಿ ಹೆಚ್ಚು ಹಾನಿಕರ. ಹೆಸರು, ಊರು, ಬೆಳೆಯಂತಹ ಮುಖ್ಯ ಪ್ರಶ್ನೆಗಳಿಗೆ ಮಾತ್ರ ನಕ್ಷತ್ರ ಸಾಕು.

ಮೋಡ ಮತ್ತು ಮೇಲ್ಮುಖ ಬಾಣದ ಚಿಹ್ನೆ ಚಿತ್ರ ಅಥವಾ ಕಡತ ಕಳುಹಿಸಲು. ಇದನ್ನು ಬಳಸಿದರೆ ತುಂಬುವವರು ಗೂಗಲ್ ಖಾತೆಯ ಮೂಲಕವೇ ಬರಬೇಕಾಗುತ್ತದೆ. ಖಾತೆಯಿಲ್ಲದ ರೈತರು ಹೊರಗುಳಿಯದಂತೆ ನೋಡಿಕೊಳ್ಳಬೇಕು.

5. ಹಂಚುವ ಮೊದಲು ಕಣ್ಣಿನ ಚಿಹ್ನೆ

ಮೇಲ್ಭಾಗದ ಕಣ್ಣಿನ ಚಿಹ್ನೆಯನ್ನು ಒತ್ತಿದರೆ ಫಾರಂ ತುಂಬುವವರಿಗೆ ಕಾಣುವಂತೆ ಕಾಣುತ್ತದೆ. ಬಿತ್ತನೆಗೆ ಮೊದಲು ಬೀಜದ ಮೊಳಕೆ ಪರೀಕ್ಷಿಸುವಂತೆ, ಹಂಚುವ ಮೊದಲು ಫಾರಂ ಪರೀಕ್ಷಿಸುವುದು ಒಳ್ಳೆಯದು. ಮಿಶ್ರ ಬೆಳೆ ಇಟ್ಟಿರುವ, ಗುತ್ತಿಗೆಗೆ ಸಾಗುವಳಿ ಮಾಡುವ, ಖುಷ್ಕಿ ಜಮೀನಿರುವ ನಾಲ್ಕಾರು ರೈತರಿಂದ ತುಂಬಿಸಿ ನೋಡಬೇಕು. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ಪ್ರಶ್ನೆಯನ್ನು ತಿದ್ದಬೇಕು. ಪರೀಕ್ಷೆಗೆಂದು ಕಳುಹಿಸಿದ ಉತ್ತರಗಳೂ ದಾಖಲಾಗುವುದರಿಂದ ಅವನ್ನು ಅಳಿಸಿ ಕೆಲಸ ಆರಂಭಿಸತಕ್ಕದ್ದು. ಉತ್ತರಗಳು ಬರತೊಡಗಿದ ನಂತರ ಪ್ರಶ್ನೆಗಳನ್ನು ಬದಲಿಸಬಾರದು.

ನೆನಪಿಡಬೇಕಾದ ಅಂಶಗಳು

* ಒಂದೇ ಉತ್ತರಕ್ಕೆ ವೃತ್ತ, ಹಲವು ಉತ್ತರಗಳಿಗೆ ಚೌಕ.
* ಎಕರೆ ಮತ್ತು ಗುಂಟೆ ಬೇರೆ ಬೇರೆ ಪ್ರಶ್ನೆಗಳಾಗಿರಲಿ.
* ಕೆಂಪು ನಕ್ಷತ್ರದ ಬಳಕೆ ಮಿತವಾಗಿರಲಿ.
* ಕಣ್ಣಿನ ಚಿಹ್ನೆಯಿಂದ ಪರೀಕ್ಷಿಸಿದ ನಂತರವೇ ಫಾರಂ ಹಂಚಬೇಕು.

ಫಾರಂ ತುಂಬುವ ರೈತರೂ ಇವುಗಳನ್ನು ತಿಳಿದಿರುವುದು ಒಳಿತು. ಎರಡು ಬೆಳೆಯಿರುವ ಹೊಲಕ್ಕೆ ವೃತ್ತ ಕಂಡುಬಂದರೆ, ಫಾರಂ ತಂದವರ ಗಮನಕ್ಕೆ ಅದನ್ನು ಅಲ್ಲಿಯೇ ತರಬೇಕು.